ಪೇಷಂಟ್ ಕಡೆಯವ್ರು ಯಾರ್ರೀ?

2015ರ ಮಳೆಗಾಲದಲ್ಲಿ ಹುಬ್ಬಳ್ಳಿಯ ವಿದ್ಯಾನಗರದ ಒಂದು ಆಸ್ಪತ್ರೆಯಲ್ಲಿ 11 ದಿನ ಇದ್ದೆ. ಇದ್ದೆ ಅಂದರೆ ಕಾಟಿನ ಮೇಲಲ್ಲ, ಕೆಳಗೆ. ಮೇಲೆ ಅಪ್ಪ, ಪಿತ್ತಕೋಶ ತೆಗೆಸಿಕೊಂಡು ಮಲಗಿದ್ದ; ಕೆಳಗೆ ಚಾಪೆಯ ಮೇಲೆ ನಾನು. ಗದಗಿನಿಂದ ದಿನಾ ಬೆಳಗಿನ ಬಸ್ಸಿಗೆ ಯಾರಾದರೂ ಬುತ್ತಿ ತರುತ್ತಿದ್ದರು. ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವ, ಹೀಗಾಗಿ ಒಮ್ಮೊಮ್ಮೆ ಬುತ್ತಿ ಒಂದೇ, ತರುವ ಮನುಷ್ಯನಿಲ್ಲದೆ, ಡ್ರೈವರನ ಕಾಲ ಹತ್ತಿರ ಕೂತು ಬರುತ್ತಿತ್ತು.

ಆ 11 ದಿನದಲ್ಲಿ ಒಂದು ವಿದ್ಯೆ ಪೂರ್ತಿ ಕಲಿತೆ. ಡಿಪಾಸಿಟ್ ಯಾವ ಕೌಂಟರಿಗೆ ಕಟ್ಟಬೇಕು, ಸಿಸ್ಟರ್ ಕೊಟ್ಟ ಚೀಟಿ ಹಿಡಿದು ಕೆಳಗಿನ ಮೆಡಿಕಲ್ ಶಾಪಿಗೆ ಯಾವ ಮೆಟ್ಟಿಲಿಂದ ಇಳಿದರೆ ಬೇಗ, ಉಳಿದ ಸಿರಿಂಜು ವಾಪಸ್ ಕೊಟ್ಟು ರೊಕ್ಕ ಹೇಗೆ ತರಬೇಕು, ಡಾಕ್ಟರ್ ರೌಂಡ್ಸಿಗೆ ಬಂದಾಗ ಮೂರೇ ಪ್ರಶ್ನೆಯಲ್ಲಿ ಎಲ್ಲ ಹೇಗೆ ಕೇಳಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡದು ಸಲಾಯಿನ್ ಬಾಟ್ಲಿ ಕಾಯುವುದು. ಬಾಟ್ಲಿ ಖಾಲಿಯಾಗಿ ಗಾಳಿ ನರದೊಳಗೆ ಹೋದರೆ ಮನುಷ್ಯ ಉಳಿಯುವುದಿಲ್ಲ ಅಂತ ಪಕ್ಕದ ಕಾಟಿನ ಮುಂಡರಗಿಯ ಅಜ್ಜಿ ಹೇಳಿದ್ದಳು. ರಾತ್ರಿ ಮೂರಕ್ಕೂ ಎದ್ದು ಹನಿ ಎಣಿಸುತ್ತಿದ್ದೆ. ಕಾರಿಡಾರಿನಲ್ಲಿ ಕೂಗು ಬರುತ್ತಿತ್ತು: "ಹದಿನಾಲ್ಕನೇ ಬೆಡ್! ಪೇಷಂಟ್ ಕಡೆಯವ್ರು ಯಾರ್ರೀ?" ನಿದ್ದೆಯಲ್ಲೇ ಕೈ ಎತ್ತುತ್ತಿದ್ದೆ. "ನಾನ್ರೀ."

ಇಷ್ಟು ತರಬೇತಿ ಇದ್ದವ 2024ರ ಫೆಬ್ರುವರಿಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ತಾನೇ ಪೇಷಂಟ್ ಆದಾಗ ಏನೂ ಕೆಲಸಕ್ಕೆ ಬರಲಿಲ್ಲ.

ಶನಿವಾರ ರಾತ್ರಿ ಒಬ್ಬ ಗೆಳೆಯನ ಮನೆಯಲ್ಲಿ ಊಟ. ಅವನು ಹಾವೇರಿ ಕಡೆಯವ, ರಜೆಯಿಂದ ಬರುವಾಗ ಬ್ಯಾಡಗಿ ಮೆಣಸಿನಕಾಯಿ ತಂದಿದ್ದ. ರೊಟ್ಟಿ, ಎಣ್ಣೆಗಾಯಿ, ರಂಜಕ. ಮನೆಗೆ ಬಂದು ಮಲಗಿದರೆ ಹೊಕ್ಕಳ ಸುತ್ತ ಹೊಟ್ಟೆ ಮುರಿಯಲು ಶುರುವಾಯಿತು. ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಆದರೂ ಆರೋಪ ಅದರ ಮೇಲೇ ಹೊರಿಸಿದೆ. ನಮ್ಮ ಬೆಳಗಿನ ಮೂರು ಗಂಟೆ ಅಂದರೆ ಗದಗಿನಲ್ಲಿ ಏಳೂವರೆ, ಅವ್ವ ಎದ್ದಿರುತ್ತಾಳೆ ಅಂತ ಫೋನ್ ಮಾಡಿದೆ.

"ಗ್ಯಾಸ್ ಆಗಿರ್ತೈತಿ ತಗೋ. ಅಜವಾನ ಬಾಯಾಗ ಹಾಕ್ಕೊಂಡು ಬಿಸಿನೀರು ಕುಡಿ. ಎಡಮಗ್ಗಲಾಗಿ ಮಲ್ಕೊ."

ಎಡಮಗ್ಗಲಾದೆ, ಬಲಮಗ್ಗಲಾದೆ. ಹೆಂಡತಿ ಹೆರಿಗೆಗೆ ತವರಿಗೆ, ಹಾವೇರಿಗೆ, ಡಿಸೆಂಬರಿನಲ್ಲೇ ಹೋಗಿದ್ದಳು. ಮನೆಯಲ್ಲಿ ಒಬ್ಬನೇ. ಭಾನುವಾರ ಜರ್ಮನಿಯಲ್ಲಿ ಅಂಗಡಿ ತೆರೆಯುವುದಿಲ್ಲ, ಔಷಧಿ ಅಂಗಡಿಯೂ ಸರದಿಯ ಮೇಲೆ ಊರಿಗೆ ಅಲ್ಲೊಂದು ಇಲ್ಲೊಂದು. ಮಧ್ಯಾಹ್ನದ ಹೊತ್ತಿಗೆ ನೋವು ಹೊಕ್ಕಳ ಬಿಟ್ಟು ಬಲಗಡೆ ಕೆಳಗೆ ಬಂದು ಕೂತಿತು. ಇದು ಅಪೆಂಡಿಕ್ಸಿನ ಖಾಸ ಗುರುತು ಅಂತ ಆಮೇಲೆ ಡಾಕ್ಟರ್ ಹೇಳಿದರು. ಕರುಳಿನ ನರಗಳಿಗೆ ನೋವಿನ ಜಾಗ ಸರಿಯಾಗಿ ತೋರಿಸಲು ಬರುವುದಿಲ್ಲವಂತೆ, ಅದಕ್ಕೇ ಮೊದಲು ನಡುಹೊಟ್ಟೆ ಅನ್ನಿಸುತ್ತದೆ. ಬಾವು ಬೆಳೆದು ಹೊಟ್ಟೆಯ ಒಳಪದರಕ್ಕೆ ತಾಗಿದ ಮೇಲೆಯೇ ಸರಿಯಾದ ವಿಳಾಸ ಸಿಗುವುದು. ನನಗೆ ಆಗ ಗೊತ್ತಿದ್ದದ್ದು ಒಂದೇ: ನೆಟ್ಟಗೆ ನಿಲ್ಲಲು ಆಗುತ್ತಿಲ್ಲ.

ಅಲ್ಲಿ ಎರಡು ನಂಬರ್. ಜೀವಕ್ಕೆ ಬಂದರೆ 112. ಜೀವಕ್ಕೆ ಬಂದಿಲ್ಲ ಆದರೆ ಕ್ಲಿನಿಕ್ ಮುಚ್ಚಿದೆ ಅಂದರೆ 116117. ಹೊಟ್ಟೆನೋವಿಗೆ ಆಂಬುಲೆನ್ಸ್ ಕರೆಯುವುದು ನಾಚಿಕೆ ಅನ್ನಿಸಿ ಎರಡನೆಯದಕ್ಕೆ ಹಚ್ಚಿದೆ. ಆ ಕಡೆಯ ಹೆಂಗಸು ಐದು ನಿಮಿಷ ಪ್ರಶ್ನೆ ಕೇಳಿ, ನನ್ನ ಜರ್ಮನ್ ವ್ಯಾಕರಣವನ್ನೆಲ್ಲ ಸಹಿಸಿಕೊಂಡು, ಕೊನೆಗೆ ತಾನೇ ಆಂಬುಲೆನ್ಸಿಗೆ ಹೇಳಿದಳು. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಇಬ್ಬರು ಹುಡುಗರು ಕುರ್ಚಿಯಲ್ಲಿ ಕೂರಿಸಿ, ಬೆಲ್ಟ್ ಕಟ್ಟಿ ಇಳಿಸಿದರು. ಜಾತ್ರೆಯಲ್ಲಿ ಪಲ್ಲಕ್ಕಿ ಇಳಿಸಿದ ಹಾಗೆ. ಪ್ರತಿ ಮೆಟ್ಟಿಲಿಗೂ ಹೊಟ್ಟೆಯೊಳಗೆ ಸೆಳಕು ಹೊಡೆಯುತ್ತಿತ್ತು. ಮನಸ್ಸು ಮಾತ್ರ ಲೆಕ್ಕ ಹಾಕುತ್ತಿತ್ತು: ಇದಕ್ಕೆ ಎಷ್ಟು ಬಿಲ್ ಹಚ್ಚುತ್ತಾರೋ.

ತುರ್ತು ವಿಭಾಗದಲ್ಲಿ ಬಂದವರಿಗೆಲ್ಲ ಬಣ್ಣ. ಕೆಂಪು ಅಂದರೆ ತಕ್ಷಣ, ಕಿತ್ತಳೆ ಅಂದರೆ 10 ನಿಮಿಷದೊಳಗೆ, ಹಳದಿಗೆ 30, ಹಸಿರಿಗೆ 90, ನೀಲಿಗೆ 120. ಯಾವ ಬಣ್ಣ ಅಂತ ಗೊತ್ತುಮಾಡಲು ನರ್ಸ್ ಕೇಳಿದಳು: ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು?

ನಮ್ಮ ಕಡೆ ನೋವಿಗೆ ನಂಬರಿಲ್ಲ. ಬ್ಯಾನಿ ಐತಿ, ಬಾಳ ಬ್ಯಾನಿ ಐತಿ, ತಡಕೊಳ್ಳಾಕ ಆಗವಲ್ದು. ಮೂರೇ ಮೆಟ್ಟಿಲು. ಹತ್ತು ಅಂದರೆ ಸಾಯುವಷ್ಟು, ಹಾಗಾದರೆ ಮುಂದೆ ಹೆಚ್ಚಾದರೆ ಏನು ಹೇಳುವುದು? ಸ್ವಲ್ಪ ಜಾಗ ಉಳಿಸಿಕೊಂಡು "ಆರು" ಅಂದೆ. ಹಳದಿ ಕೊಟ್ಟರು. ಮೂವತ್ತು ನಿಮಿಷದ ಹಳದಿ ಎರಡು ತಾಸು ನಡೆಯಿತು. ಆಮೇಲೆ ಗೆಳೆಯ ಬೈದ: "ಎಂಟು ಅನ್ನಬೇಕಿತ್ತಲೇ ಹುಚ್ಚಾ. ಇಲ್ಲಿ ಯಾರೂ ಚೌಕಾಸಿ ಮಾಡಂಗಿಲ್ಲ, ಹೇಳಿದ್ದನ್ನ ಬರಕೋತಾರ."

ಆಮೇಲೆ ಬಂದ ಡಾಕ್ಟರ್ ನೋವು ಎಂಥದ್ದು ಅಂತ ಕೇಳಿದರು. ಚುಚ್ಚುವುದಕ್ಕೆ 'ಷ್ಟೆಖೆಂಟ್', ಮಂದವಾಗಿ ಒತ್ತುವುದಕ್ಕೆ 'ಡುಂಪ್ಫ್', ಎಳೆದಂತೆ ಆಗುವುದಕ್ಕೆ 'ತ್ಸೀಯೆಂಟ್'. ಮೂರನ್ನೂ ಅವರೇ ಹೇಳಿಕೊಟ್ಟು ಆರಿಸಿಕೋ ಅಂದರು. ನನ್ನದು ಮೂರರಲ್ಲಿ ಯಾವುದೂ ಅಲ್ಲ, ಒಳಗೆ ಯಾರೋ ಒದ್ದೆ ಬಟ್ಟೆ ಹಿಂಡುತ್ತಿದ್ದಾರೆ. ಕೈಯಲ್ಲಿ ಹಿಂಡಿ ತೋರಿಸಿದೆ. ಅವರು ಹೊಟ್ಟೆ ಮೆಲ್ಲಗೆ ಒತ್ತಿ, ಕೈಯನ್ನು ತಟ್ಟನೆ ಬಿಟ್ಟರು. ಒತ್ತಿದಾಗ ಅಲ್ಲ, ಬಿಟ್ಟಾಗ ನನ್ನ ಬಾಯಿಂದ "ಯವ್ವಾ" ಹೊರಬಿತ್ತು. ಅದಕ್ಕೆ ತರ್ಜುಮೆ ಬೇಕಾಗಲಿಲ್ಲ. ರಕ್ತದಲ್ಲಿ ಸಿಆರ್‌ಪಿ ಅನ್ನುವುದು, ಒಳಗೆಲ್ಲೋ ಬಾವು ಇದ್ದರೆ ಏರುವಂಥದ್ದು, ಐದರೊಳಗಿರಬೇಕಾದ್ದು ನೂರು ದಾಟಿತ್ತು. ಸ್ಕ್ಯಾನ್ ಆಯಿತು. ರಾತ್ರಿಯೇ ಆಪರೇಷನ್ ಅಂದರು.

ಸಹಿ ಹಾಕಲು ಕಾಗದಗಳ ಕಟ್ಟು ಬಂತು. ಅದರಲ್ಲೊಂದು ಸಾಲು: ಸಂಬಂಧಿಕರು. ಒಂದು ಹೆಸರು, ಒಂದು ನಂಬರ್, ಅಷ್ಟಕ್ಕೇ ಜಾಗ. ಗದಗಿನ ನಮ್ಮ ಓಣಿಗೆ ಆ ಸಾಲು ಎಲ್ಲಿ ಸಾಲಬೇಕು! ಅಪ್ಪನ ನಂಬರ್ ಬರೆದೆ. ಈ ದೇಶದಲ್ಲಿ ಯಾರೂ ಇಲ್ಲವೇ ಅಂದಳು ನರ್ಸ್. ಅದನ್ನು ಹೊಡೆದುಹಾಕಿ ಗೆಳೆಯನ ನಂಬರ್ ಬರೆದೆ. ಅವರಿಗೆ ಬೇಕಾಗಿದ್ದದ್ದು ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು. ನಿನ್ನ ಜೊತೆ ಯಾರು ಇರುತ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ಡಿಪಾಸಿಟ್ ಮಾತಂತೂ ಬರಲೇ ಇಲ್ಲ. ವಿಮೆಯ ಕಾರ್ಡನ್ನು ಯಂತ್ರಕ್ಕೆ ತೂರಿಸಿ ವಾಪಸ್ ಕೊಟ್ಟರು.

ಆಪರೇಷನ್ ಬಗ್ಗೆ ನನಗೆ ಹೇಳುವಂಥದ್ದು ಏನೂ ಇಲ್ಲ, ನಾನು ಅಲ್ಲಿ ಇರಲಿಲ್ಲ ಅನ್ನಬಹುದು. ಮೂರು ತೂತು, ಅದರಲ್ಲೊಂದರಿಂದ ಹೊರಬಂದ ಕೊಳವೆ. ಅಪೆಂಡಿಕ್ಸ್ ಒಳಗೇ ಒಡೆದಿತ್ತಂತೆ. ಮರುದಿನ ಹೋಗಬೇಕಾದವ ಶನಿವಾರದವರೆಗೆ ಉಳಿದೆ, ಪ್ರತಿಜೀವಕದ ಬಾಟ್ಲಿ ಏರಿಸಿಕೊಳ್ಳುತ್ತ.

ನನ್ನ ಹಳೇ ವಿದ್ಯೆ ನೆನಪಾದದ್ದು ಆ ಬಾಟ್ಲಿ ನೋಡಿದಾಗ. ಸೋಮವಾರ ರಾತ್ರಿ ಕಣ್ಣು ಎಳೆಯುತ್ತಿತ್ತು, ಆದರೂ ಮಲಗಲಿಲ್ಲ. ಹನಿ ಎಣಿಸಿದೆ. ಹೆಬ್ಬೆರಳಿನಷ್ಟು ಉಳಿದಾಗ ಗುಂಡಿ ಒತ್ತಿದೆ. ನರ್ಸ್ ಬಂದು ನೋಡಿ, ಇನ್ನೂ ಇದೆಯಲ್ಲ ಅಂದು ಹೋದಳು. ಎರಡು ನಿಮಿಷ ಬಿಟ್ಟು ಮತ್ತೆ ಒತ್ತಿದೆ. ಮೂರನೇ ಸಲ ಬಂದವಳು ಬೇರೆಯವಳು, ಎದೆಯ ಮೇಲಿನ ಹೆಸರು ನೋಡಿದರೆ ಮಲಯಾಳಿ. ಕೇರಳದ ನರ್ಸುಗಳು ಆ ದೇಶದ ಆಸ್ಪತ್ರೆಗಳಲ್ಲಿ ಈಗ ಬೇಕಾದಷ್ಟು. ಎರಡೂ ಕಡೆಯ ಸರ್ಕಾರಗಳೇ ಒಪ್ಪಂದ ಮಾಡಿಕೊಂಡು ಕರೆಸಿಕೊಳ್ಳುತ್ತವೆ. ನಾನು ಎಲ್ಲಿಯವ ಅಂತ ಕೇಳಿದಳು. ಕರ್ನಾಟಕ ಅಂದೆ.

"ಹೌದಾ! ನಾನು ಮಂಗಳೂರಲ್ಲಿ ಓದಿದ್ದು ಮಾರಾಯ್ರೆ. ನೋವುಂಟಾ?"

ಆ 'ಮಾರಾಯ್ರೆ' ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಊರಿನಲ್ಲಿ ಇದೇ ದಕ್ಷಿಣ ಕನ್ನಡದ ಮಾತಿಗೆ ನಾವು ನಗುತ್ತಿದ್ದೆವು ಅನ್ನುವುದೇ ಮರೆತುಹೋಯಿತು. ನೋವಿಲ್ಲ, ಬಾಟ್ಲಿ ಮುಗಿಯುತ್ತಿದೆ, ಗಾಳಿ ಹೋಗುತ್ತದೆ ಅಂದೆ. ಅವಳು ಕೊಳವೆ ತೋರಿಸಿ ಹೇಳಿದಳು: ಬಾಟ್ಲಿ ಖಾಲಿಯಾದರೂ ಕೊಳವೆಯಲ್ಲಿ ನೀರು ಒಂದು ಎತ್ತರಕ್ಕೆ ಬಂದು ನಿಂತುಬಿಡುತ್ತದೆ. ನರದೊಳಗೂ ಒತ್ತಡ ಇರುತ್ತದಲ್ಲ, ಅದು ತಡೆಯುತ್ತದೆ. ಪಂಪಿನಿಂದ ನೂಕದ ಹೊರತು ಹೀಗೆ ತೂಗುಹಾಕಿದ ಬಾಟ್ಲಿಯಿಂದ ಗಾಳಿ ತಾನಾಗಿ ಒಳಗೆ ನುಗ್ಗುವುದಿಲ್ಲ. "ನೀವು ಮಲಗಿ. ಇದು ನೋಡುವುದು ನನ್ನ ಕೆಲಸ."

ಹುಬ್ಬಳ್ಳಿಯ 11 ರಾತ್ರಿಯ ನಿದ್ದೆಗೆಟ್ಟ ಲೆಕ್ಕ ನೆನಪಾಗಿ ಮುಂಡರಗಿಯ ಅಜ್ಜಿಯ ಮೇಲೆ ಸಿಟ್ಟು ಬಂತು. ಮಲಗಿದೆ. ಆದರೆ ಅಭ್ಯಾಸ ಹೋಗಲಿಲ್ಲ, ಅರ್ಧ ತಾಸಿಗೊಮ್ಮೆ ಒಂದು ಕಣ್ಣು ತೆರೆದು ನೋಡುತ್ತಲೇ ಇದ್ದೆ.

ಮಂಗಳವಾರ ಬಲಭುಜ ಹಿಡಿದುಕೊಂಡಿತು. ಹೊಟ್ಟೆ ಕುಯ್ದರೆ ಭುಜ ಯಾಕೆ ನೋಯಬೇಕು? ದೂರ್ಬೀನಿನ ಆಪರೇಷನ್ನಿಗೆ ಹೊಟ್ಟೆಯನ್ನು ಇಂಗಾಲದ ಡೈಆಕ್ಸೈಡಿನಿಂದ ಬಲೂನಿನ ಹಾಗೆ ಉಬ್ಬಿಸಿರುತ್ತಾರಂತೆ. ಒಳಗೆ ಉಳಿದ ಗ್ಯಾಸು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು, ಕೆಣಕುತ್ತದೆ, ವಪೆಯ ನರವೂ ಭುಜದ ನರವೂ ಹೊರಡುವುದು ಕುತ್ತಿಗೆಯ ಒಂದೇ ಕಡೆಯಿಂದ, ಹೀಗಾಗಿ ನೋವು ಭುಜದಲ್ಲಿ. ಎರಡು ದಿನದಲ್ಲಿ ಹೋಗುತ್ತದೆ ಅಂದರು. ಅವ್ವನಿಗೆ ಫೋನಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ಪೂರ್ತಿ ಕೇಳಿದಳು.

"ಮದ್ಲ ಹೇಳಿದ್ನಿಲ್ಲೋ? ಗ್ಯಾಸ್ ಅಂತ!"

ಅವ್ವ ದಿನಾ ಕೇಳುತ್ತಿದ್ದದ್ದು ಎರಡೇ: ಏನ್ ಉಂಡಿ, ನಿನ್ ಕೂಡ ಯಾರದಾರ. ಎರಡಕ್ಕೂ ಸುಳ್ಳೇ ಹೇಳಿದೆ. ಊಟದ್ದು ಹೀಗಾಯಿತು. ನಾನು ಮಾಂಸ ತಿನ್ನುವವನಲ್ಲ ಅಂತ ಮೊದಲೇ ಬರೆಸಿದ್ದೆ. ಆಪರೇಷನ್ನಾದ ಮೇಲೆ ಮೊದಲ ಊಟ ತಿಳಿಸಾರಿನಂಥ ಒಂದು ಬಿಸಿ ನೀರು. ಎರಡು ದಿನದ ಹಸಿವು, ಉಪ್ಪು ನಾಲಿಗೆಗೆ ಬಿದ್ದಾಗ ಅಮೃತ ಅನ್ನಿಸಿತು. ಅರ್ಧ ಕುಡಿದ ಮೇಲೆ ಪಕ್ಕದ ಹಾಸಿಗೆಯ ಮುದುಕ, ಅದುವರೆಗೆ ಒಂದು ಮಾತೂ ಆಡದವ, ನನ್ನ ತಟ್ಟೆಯ ಮೇಲಿನ ಚೀಟಿ ನೋಡಿ ಹೇಳಿದ: ಇದು ದನದ ಎಲುಬಿನ ಸಾರು. ಚೀಟಿಯಲ್ಲಿ ಸಸ್ಯಾಹಾರಿ ಅಂತಲೂ ಇತ್ತು. ಸಿಬ್ಬಂದಿ ಬಂದು ಬಹಳ ಸಲ ಕ್ಷಮೆ ಕೇಳಿದರು. ಅಡುಗೆಮನೆಯ ಲೆಕ್ಕದಲ್ಲಿ ತುಂಡು ಇಲ್ಲದಿದ್ದರೆ ಮಾಂಸವಿಲ್ಲ ಅಂತ ಇರಬೇಕು. ಕೆಳಗಿಟ್ಟೆ. ಕುಡಿದದ್ದನ್ನು ಏನು ಮಾಡುವುದು? ಇದನ್ನು ಇವತ್ತಿಗೂ ಅವ್ವನಿಗೆ ಹೇಳಿಲ್ಲ, ಅವಳು ಓದುವುದು ಪಂಚಾಂಗ ಒಂದನ್ನೇ ಆದ್ದರಿಂದ ಇಲ್ಲಿ ಬರೆಯಲು ಧೈರ್ಯ.

ರಾತ್ರಿ ಊಟ ಅಂದರೆ ಸಂಜೆ ಐದೂವರೆಗೆ. ಎರಡು ತುಂಡು ಬ್ರೆಡ್ಡು, ಬೆಣ್ಣೆ, ಚೀಸು, ಒಂದು ಉಪ್ಪಿನ ಸೌತೆಕಾಯಿ, ಎಲ್ಲ ತಣ್ಣಗೆ. ಅದು ಆಸ್ಪತ್ರೆಯ ಬಡತನವಲ್ಲ, ಆ ದೇಶದ ಮನೆಗಳಲ್ಲೂ ರಾತ್ರಿಗೆ ಅದೇ ರೂಢಿ, ಹೆಸರೇ 'ಸಂಜೆಯ ರೊಟ್ಟಿ'. ಜಡ್ಡಾದವನಿಗೆ ಬಿಸಿ ಗಂಜಿ ಕೊಡದ ಊರು ಅಂತ ನನಗೆ ಅದರ ಮೇಲೆ ಈಗಲೂ ಸಣ್ಣ ಮುನಿಸು ಇದೆ.

ಮುದುಕನ ಹೆಂಡತಿ ದಿನಾ ಮೂರಕ್ಕೆ ಬರುತ್ತಿದ್ದಳು, ನಾಲ್ಕಕ್ಕೆ ಎದ್ದು ಹೋಗುತ್ತಿದ್ದಳು. ಸ್ವಚ್ಛ ಪೈಜಾಮಾ ತಂದು, ಮೈಲಿಗೆಯದನ್ನು ಒಯ್ದು, ಹಣೆಗೆ ಮುತ್ತಿಟ್ಟು. ಐವತ್ತು ವರ್ಷದ ಸಂಸಾರವಿರಬೇಕು. ನನಗೆ ಮೊದಲೆರಡು ದಿನ ಅಯ್ಯೋ ಅನ್ನಿಸಿತು. ಮೂರನೇ ದಿನ ನೋಡಿದೆ: ಅವಳು ಕೂತ ಆ ಒಂದು ತಾಸಿನಲ್ಲಿ ಅವಳಿಗೆ ಬೇರೆ ಏನೂ ಕೆಲಸವಿರಲಿಲ್ಲ. ಚೀಟಿ ಹಿಡಿದು ಓಡಬೇಕಿಲ್ಲ, ರಿಪೋರ್ಟ್ ತರಬೇಕಿಲ್ಲ. ಅವನ ಕೈ ಹಿಡಿದು ಕೂರುವುದಷ್ಟೇ. ಹುಬ್ಬಳ್ಳಿಯ 11 ದಿನದಲ್ಲಿ ನಾನು ಅಪ್ಪನ ಕೈ ಒಮ್ಮೆಯೂ ಹಿಡಿದದ್ದು ನೆನಪಿಲ್ಲ. ಹಿಡಿಯಲು ಕೈ ಖಾಲಿ ಇರಲಿಲ್ಲ.

ಮುದುಕನಿಗೆ ನನ್ನದು ಇನ್ನೊಂದು ಥರದ ಅಚ್ಚರಿ. ಬುಧವಾರ ಗದಗಿನಿಂದ ವಿಡಿಯೋ ಕಾಲ್ ಬಂತು. ಅಪ್ಪ, ಅವ್ವ, ದೊಡ್ಡಪ್ಪ, ಅತ್ತಿ, ಬೆಟಗೇರಿಯಿಂದ ಬಂದಿದ್ದ ಮಾವ, ಬಾಗಿಲಲ್ಲಿ ನಿಂತ ಇಬ್ಬರು ಓಣಿಯವರು. ಎಲ್ಲರಿಗೂ ಹೊಟ್ಟೆ ತೋರಿಸು ಅಂತ. ತೋರಿಸಿದೆ. "ಮೂರs ತೂತು?" ಅಂತ ಮಾವ ನಿರಾಶನಾದ. ಕಾಲ್ ಮುಗಿದ ಮೇಲೆ ಮುದುಕ ಮೆಲ್ಲಗೆ ಕೇಳಿದ, ನಿಮ್ಮ ಮನೆಯಲ್ಲಿ ಇವತ್ತು ಏನಾದರೂ ಸಮಾರಂಭವೇ?

ಹೆಂಡತಿಗೆ ಮಾತ್ರ ಹೇಳಿರಲಿಲ್ಲ. ಎಂಟು ತಿಂಗಳು, ಗಾಬರಿಯಾದೀತು ಅಂತ ಅಪ್ಪ ಕಟ್ಟಪ್ಪಣೆ ಮಾಡಿದ್ದ. ದಿನಾ ಸಂಜೆ ಅವಳ ಜೊತೆ ಧ್ವನಿ ಕಾಲ್ ಅಷ್ಟೇ, ವಿಡಿಯೋ ಬೇಡ, ನೆಟ್‌ವರ್ಕ್ ಇಲ್ಲ ಅನ್ನುತ್ತಿದ್ದೆ. ಗುರುವಾರ ಹಿಂದಿನಿಂದ ಯಾವುದೋ ಯಂತ್ರ ಕುಂಯ್ ಕುಂಯ್ ಅಂದಿತು.

"ಅದೇನ್ರೀ ಸಪ್ಪಳ?"

"ಮೈಕ್ರೋವೇವ್."

"ಮೈಕ್ರೋವೇವ್ ಹಂಗ ಹೊಡ್ಕೊಳ್ಳಂಗಿಲ್ಲ. ಕ್ಯಾಮೆರಾ ಹಚ್ರಿ."

ಹಚ್ಚಿದೆ. ಕಾಟಿನ ಕಂಬಿ, ಕೈಯ ಪಟ್ಟಿ, ಎಲ್ಲ ನೋಡಿದಳು. ಅಳುತ್ತಾಳೆ ಅಂದುಕೊಂಡರೆ ಬೈದಳು. ಗದಗಿನ ಓಣಿಗೆಲ್ಲ ಗೊತ್ತು, ಹಾವೇರಿಗೆ ಗೊತ್ತಿಲ್ಲ ಅಂದರೆ ಏನರ್ಥ ಅಂತ. ಆ ಬೈಗುಳಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅಪ್ಪನ ಹೆಸರು ಹೇಳಿ ತಪ್ಪಿಸಿಕೊಂಡೆ.

ಗೆಳೆಯನ ಉಪಕಾರ ಬರೆಯದಿದ್ದರೆ ತಪ್ಪಾದೀತು. ಮನೆಯ ಕೀಲಿ ಒಯ್ದು ಚಾರ್ಜರ್, ಒಳಉಡುಪು, ಚಪ್ಪಲಿ ತಂದ. ಸಿಂಕಿನಲ್ಲಿ ನಾಲ್ಕು ದಿನದಿಂದ ನೆನೆದು ಹುಳಿ ಬಂದಿದ್ದ ಪಾತ್ರೆ ತೊಳೆದಿಟ್ಟ. ಡಾಕ್ಟರರ ಅಪ್ಪಣೆ ಸಿಕ್ಕ ದಿನ ಫ್ಲಾಸ್ಕಿನಲ್ಲಿ ಅನ್ನದ ಗಂಜಿ, ಚಿಟಿಕೆ ಜೀರಿಗೆ ಹಾಕಿ, ತಂದುಕೊಟ್ಟ. ರಾತ್ರಿ ಎಂಟಾದರೂ ಏಳುವ ಮನಸ್ಸಿಲ್ಲದೆ ಕುರ್ಚಿಯಲ್ಲಿ ಕೂತ. ನರ್ಸ್ ಬಂದು ನಗುತ್ತಲೇ ಎಬ್ಬಿಸಿದಳು. ಹೋಗುವಾಗ ಕಾಟಿನ ಕೆಳಗೆ ಬಗ್ಗಿ ನೋಡಿ ಅಂದ, "ಜಾಗಾ ಏನೋ ಐತಿ. ಚಾಪಿ ಒಂದs ಇಲ್ಲ."

ಶನಿವಾರ ಬಿಟ್ಟರು. ಊರಿನಲ್ಲಿ ಡಿಸ್ಚಾರ್ಜ್ ಅಂದರೆ ಬೆಳಗಿನಿಂದ ಬಿಲ್ ಕೌಂಟರಿನ ಮುಂದೆ ನಿಲ್ಲುವ ದಿನ. ಅಲ್ಲಿ ಮನೆಯ ಹತ್ತಿರದ ಡಾಕ್ಟರಿಗೆ ಕೊಡಬೇಕಾದ ಒಂದು ಕಾಗದ ಕೈಗಿತ್ತು ಶುಭ ಹಾರೈಸಿದರು, ಮುಗಿಯಿತು. ರಜೆಯ ಪತ್ರವನ್ನೂ ನಾನು ಆಫೀಸಿಗೆ ಒಯ್ಯಬೇಕಿರಲಿಲ್ಲ. 2023ರಿಂದ ಅದು ಡಾಕ್ಟರ್ ಕಡೆಯಿಂದ ವಿಮೆಯವರಿಗೆ ಗಣಕದಲ್ಲೇ ಹೋಗುತ್ತದೆ, ಕಂಪನಿಯವರು ಅಲ್ಲಿಂದ ತೆಗೆದುಕೊಳ್ಳುತ್ತಾರೆ. ಆರು ವಾರದವರೆಗೆ ಜಡ್ಡಾಗಿ ಮಲಗಿದರೂ ಕಂಪನಿ ಪೂರ್ತಿ ಸಂಬಳ ಕೊಡಬೇಕು ಅನ್ನುವುದು ಕಾನೂನು. ನಾನು ಮಲಗಿದ್ದು ಎರಡೇ ವಾರ ಹೆಚ್ಚಿಗೆ.

ಬಿಲ್ ಬಂದದ್ದು ಆಮೇಲೆ, ಅಂಚೆಯಲ್ಲಿ. ಆಸ್ಪತ್ರೆಯಲ್ಲಿದ್ದ ದಿನಕ್ಕೆ 10 ಯೂರೋ, ಸೇರಿದ ದಿನವೂ ಬಿಟ್ಟ ದಿನವೂ ಲೆಕ್ಕಕ್ಕೆ. ಏಳು ದಿನಕ್ಕೆ 70. ಆಂಬುಲೆನ್ಸಿಗೆ 10. ವರ್ಷಕ್ಕೆ 28 ದಿನ ದಾಟಿದರೆ ಆ ಹತ್ತೂ ಇಲ್ಲ.

ಏಪ್ರಿಲಿನಲ್ಲಿ ಮಗಳು ಹುಟ್ಟಿದಳು, ಮೇ ತಿಂಗಳಲ್ಲಿ ತೊಟ್ಟಿಲಿಗೆ ಹಾಕಿದರು. ಹಾವೇರಿಯ ಮಾವನ ಮನೆಯ ಪಡಸಾಲೆಯಲ್ಲಿ, ಹೆಂಗಸರೆಲ್ಲ ಒಳಗೆ ಜೋಗುಳ ಹಾಡುತ್ತಿದ್ದಾಗ, ಅಪ್ಪ ನನ್ನನ್ನು ಹೊರಗೆ ಕಟ್ಟೆಗೆ ಕರೆದ. ಮೂರು ತಿಂಗಳಿನಿಂದ ಕೇಳಬೇಕೆಂದಿದ್ದದ್ದು ಅನ್ನುವುದು ಮುಖದ ಮೇಲೇ ಇತ್ತು.

"ಖರೇ ಹೇಳು. ಎಷ್ಟಾತು?"

ಎಂಬತ್ತು ಯೂರೋ ಅಂದೆ. ಕಂಡಕ್ಟರ್ ಲೆಕ್ಕಕ್ಕೆ ಕಾಗದ ಬೇಕಾಗಲಿಲ್ಲ. "ತೊಂಬತ್ತರಂಗ ಹಿಡಿದ್ರ 7,200. ಆಪರೇಷನ್ ಕೂಡೇ?" ಕೂಡೇ ಅಂದೆ. ನಂಬಲಿಲ್ಲ. "ನನ್ನ ಸಲುವಾಗಿ ಕಟ್ಟಿದ ಡಿಪಾಸಿಟ್ಟs ಇಪ್ಪತ್ತೈದು ಸಾವಿರ ಇತ್ತು."

ಆಗ ವಿಮೆಯ ವಿಷಯ ಹೇಳಿದೆ. ಪ್ರತಿ ತಿಂಗಳು ಸಂಬಳದ ಶೇಕಡಾ 14.6, ಮೇಲೆ ವಿಮೆಯವರ ಸ್ವಲ್ಪ ಹೆಚ್ಚುವರಿ. ಅರ್ಧ ಕಂಪನಿ ಕೊಡುತ್ತದೆ, ಅರ್ಧ ನನ್ನದು. ಜಡ್ಡು ಬರಲಿ ಬಿಡಲಿ. ಆರು ವರ್ಷದಿಂದ ಕಟ್ಟುತ್ತಿದ್ದೇನೆ, ಆಸ್ಪತ್ರೆ ಕಂಡದ್ದು ಇದೇ ಮೊದಲು.

ಅಪ್ಪ ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸುತ್ತ ಗುಣಿಸಿದ. ಒಳಗಿನಿಂದ ತೊಟ್ಟಿಲ ಹಾಡು ಕೇಳುತ್ತಿತ್ತು.

"ಹಂಗಾರ ಡಿಪಾಸಿಟ್ ಆರು ವರ್ಷದ ಹಿಂದನ ಕಟ್ಟೀದಿ ಅನ್ನು," ಅಂದ. ಆಮೇಲೆ ಅಂಗಿ ಎತ್ತಿ ತನ್ನ ಹೊಟ್ಟೆಯ ಉದ್ದ ಗಾಯ ತೋರಿಸಿ, ನನ್ನ ಮೂರು ತೂತು ಇನ್ನೊಮ್ಮೆ ನೋಡಲು ಕೇಳಿದ.